ಛೇದವಿಲ್ಲದ ಲೆಕ್ಕ: ಟೆಕ್ಸಾಸ್‌ನ ಬಂಧನ ಪಟ್ಟಿಯನ್ನು ಓದುವುದು ಹೇಗೆ?

ಒಂದು ಲೆಕ್ಕ ಸುಳ್ಳಾಗಬೇಕಾದರೆ ಅದರೊಳಗೆ ಸುಳ್ಳು ಅಂಕಿಯೇ ಇರಬೇಕು ಅಂತೇನಿಲ್ಲ. ಒಂದೊಂದು ಅಂಕಿಯೂ ನಿಜವಾಗಿದ್ದು, ಒಟ್ಟು ಅರ್ಥ ಮಾತ್ರ ಸುಳ್ಳಾಗಿರುವ ಲೆಕ್ಕಗಳು ಬೇಕಾದಷ್ಟಿವೆ. ಅದರಲ್ಲೂ ಸರ್ಕಾರವೇ ತಯಾರಿಸಿ, ಸರ್ಕಾರವೇ ಮೊಹರು ಹಾಕಿದ ಪಟ್ಟಿಯಾದರೆ ನಾವು ಪ್ರಶ್ನೆ ಕೇಳುವುದನ್ನೇ ಬಿಡುತ್ತೇವೆ. ಅಂಥ ಒಂದು ಪಟ್ಟಿಯನ್ನು ಇಲ್ಲಿ ವಿಮರ್ಶೆಗೆ ತೆಗೆದುಕೊಂಡಿದ್ದೇನೆ. ಕಥೆ, ಕವಿತೆಯನ್ನು ಹೇಗೆ ಸಾಲುಸಾಲಾಗಿ ಓದುತ್ತೇವೋ ಹಾಗೆಯೇ ಅಂಕಿಗಳ ಪಟ್ಟಿಯನ್ನೂ ಓದಬೇಕು ಎಂಬುದು ನನ್ನ ವಾದ.

ಅಮೆರಿಕದ ಟೆಕ್ಸಾಸ್ ರಾಜ್ಯದಲ್ಲಿ ರಾಜ್ಯ ಪೊಲೀಸ್ ಕೆಲಸವನ್ನೂ ಅಪರಾಧ ದಾಖಲೆಗಳನ್ನೂ ನೋಡಿಕೊಳ್ಳುವುದು ಸಾರ್ವಜನಿಕ ಸುರಕ್ಷತಾ ಇಲಾಖೆ. ಅಲ್ಲಿ ಇದಕ್ಕೆ ಡಿಪಿಎಸ್ ಅನ್ನುತ್ತಾರೆ. ಈ ಇಲಾಖೆ ಹಲವು ವರ್ಷಗಳಿಂದ ಒಂದು ಲೆಕ್ಕ ಪ್ರಕಟಿಸುತ್ತ ಬಂದಿದೆ. 2011ರ ಜೂನ್ 1ರಿಂದ ಈಚೆಗೆ ರಾಜ್ಯದ ಸ್ಥಳೀಯ ಜೈಲುಗಳಿಗೆ ಬಂದ ವಿದೇಶಿಯರು ಎಷ್ಟು, ಅವರಲ್ಲಿ ದೇಶದಲ್ಲಿರಲು ಕಾನೂನಿನ ಅನುಮತಿ ಇಲ್ಲದವರು ಎಷ್ಟು, ಅವರ ಮೇಲಿರುವ ಕೊಲೆ, ಹಲ್ಲೆ, ಕಳವು, ಮಾದಕವಸ್ತು, ಲೈಂಗಿಕ ದೌರ್ಜನ್ಯದ ಆರೋಪಗಳು ಎಷ್ಟು ಎಂಬುದು ಅದರಲ್ಲಿರುತ್ತದೆ. ಅಮೆರಿಕದ ವಲಸೆ ಚರ್ಚೆಯಲ್ಲಿ ಈ ಪಟ್ಟಿಯ ಪ್ರಸ್ತಾಪ ಮತ್ತೆ ಮತ್ತೆ ಬರುತ್ತದೆ. ವಲಸಿಗರನ್ನು ಹೊರಗೆ ಹಾಕಬೇಕು ಅನ್ನುವವರೂ ಇದನ್ನೇ ತೋರಿಸುತ್ತಾರೆ, ಹಾಕಬಾರದು ಅನ್ನುವವರೂ ಇದನ್ನೇ ತೋರಿಸುತ್ತಾರೆ. ಒಂದೇ ದಾಖಲೆಯಿಂದ ಎರಡು ಎದುರುಬದುರು ತೀರ್ಮಾನ ಬರುವುದು ಹೇಗೆ? ಇಲ್ಲಿಂದಲೇ ನಮ್ಮ ಓದು ಶುರುವಾಗಬೇಕು.

ಪಟ್ಟಿ ತಯಾರಾಗುವ ಬಗೆ

ಟೆಕ್ಸಾಸ್‌ನಲ್ಲಿ ಯಾರನ್ನಾದರೂ ಹಿಡಿದು ಜೈಲಿಗೆ ತಂದರೆ ಮೊದಲು ಬೆರಳಚ್ಚು ತೆಗೆಯುತ್ತಾರೆ. ಅದು ಎಫ್‌ಬಿಐಗೆ ಹೋಗುತ್ತದೆ. ಅಲ್ಲಿಂದ ಕೇಂದ್ರದ ಹೋಮ್‌ಲ್ಯಾಂಡ್ ಸೆಕ್ಯುರಿಟಿ ಇಲಾಖೆಯ ಬೆರಳಚ್ಚು ಸಂಗ್ರಹಕ್ಕೆ ಹೋಗಿ ತಾಳೆಯಾಗುತ್ತದೆ. ಸೆಕ್ಯೂರ್ ಕಮ್ಯುನಿಟೀಸ್ ಎಂಬ ಹೆಸರಿನ ಈ ಏರ್ಪಾಡು 2008ರ ಅಕ್ಟೋಬರ್‌ನಲ್ಲಿ ಶುರುವಾದದ್ದೇ ಟೆಕ್ಸಾಸ್‌ನ ಹ್ಯಾರಿಸ್ ಕೌಂಟಿಯಲ್ಲಿ, ಅಂದರೆ ಹ್ಯೂಸ್ಟನ್ ಊರಿರುವ ಜಿಲ್ಲೆಯಲ್ಲಿ. ಬೆರಳಚ್ಚು ತಾಳೆಯಾದರೆ ಆ ವ್ಯಕ್ತಿಯ ವಲಸೆ ಸ್ಥಿತಿ ಏನು ಎಂಬ ಉತ್ತರ ಕೇಂದ್ರದಿಂದ ಬರುತ್ತದೆ. ಟೆಕ್ಸಾಸ್ ಆ ಉತ್ತರವನ್ನು ಬಂಧನದ ದಾಖಲೆಯ ಜೊತೆಗೇ ಇಟ್ಟುಕೊಳ್ಳುತ್ತದೆ. ಎಫ್‌ಬಿಐ ಪ್ರಕಟಿಸುವ ದೇಶವ್ಯಾಪಿ ಅಪರಾಧ ಲೆಕ್ಕದಲ್ಲಿ ವಲಸೆ ಸ್ಥಿತಿಯ ಕಲಮೇ ಇಲ್ಲ. ಟೆಕ್ಸಾಸ್‌ನ ದಾಖಲೆಗೆ ಇಷ್ಟು ಬೆಲೆ ಬಂದಿರುವುದು ಅದಕ್ಕೇ.

ಈಗ ಒಂದು ಪ್ರಶ್ನೆ. ಈ ಜಾಲದಲ್ಲಿ ಯಾರು ಸಿಗುತ್ತಾರೆ? ಯಾರ ಬೆರಳಚ್ಚು ಕೇಂದ್ರದ ಬಳಿ ಮೊದಲೇ ಇದೆಯೋ ಅವರು ಮಾತ್ರ. ಗಡಿಯಲ್ಲಿ ಒಮ್ಮೆ ಸಿಕ್ಕಿಬಿದ್ದವರು, ಆಶ್ರಯ ಕೇಳಿದವರು, ಹಾಗೆಯೇ ವೀಸಾ ಪಡೆದು ವಿಮಾನದಲ್ಲಿ ಬಂದವರು. ಯಾರ ಕಣ್ಣಿಗೂ ಬೀಳದೆ ಗಡಿ ದಾಟಿದವನೊಬ್ಬ ಸಿಕ್ಕರೆ ಅವನ ಬೆರಳಚ್ಚು ಎಲ್ಲೂ ತಾಳೆಯಾಗುವುದಿಲ್ಲ, ಅವನು ಪಟ್ಟಿಗೂ ಬರುವುದಿಲ್ಲ. ಈ ಮಿತಿಯನ್ನು ಇಲಾಖೆಯೇ ತನ್ನ ಟಿಪ್ಪಣಿಯಲ್ಲಿ ಒಪ್ಪಿಕೊಂಡಿದೆ. ಆದರೆ ವೀಸಾ ಇಟ್ಟುಕೊಂಡು ಡಲ್ಲಾಸ್‌ನಲ್ಲೋ ಆಸ್ಟಿನ್‌ನಲ್ಲೋ ಸಾಫ್ಟ್‌ವೇರ್ ಕೆಲಸ ಮಾಡುವ ನಮ್ಮ ಬೆಂಗಳೂರಿನ ಹುಡುಗನ ಬೆರಳಚ್ಚು ಅಲ್ಲಿ ಭದ್ರವಾಗಿ ಇರುತ್ತದೆ. ಅವನು ಕುಡಿದು ಗಾಡಿ ಓಡಿಸಿ ಸಿಕ್ಕಿಬಿದ್ದರೆ ಪಟ್ಟಿಯ ಮೊದಲ ಸಾಲಿನಲ್ಲಿ ಅವನೂ ಒಬ್ಬ. ಆ ಸಾಲಿಗೆ ಇಲಾಖೆ ಇಟ್ಟಿರುವ ಹೆಸರು 'ಕ್ರಿಮಿನಲ್ ಏಲಿಯನ್'. ಹೆಸರು ಕೇಳಿದರೆ ಅಪರಾಧಿ ಎಂದು ಸಾಬೀತಾದ ಅಕ್ರಮ ವಲಸಿಗ ಅನ್ನಿಸುತ್ತದೆ, ಅಲ್ವಾ? ನಿಜದಲ್ಲಿ ಅದರ ಅರ್ಥ 'ಬಂಧನಕ್ಕೊಳಗಾದ, ಅಮೆರಿಕದ ಪೌರನಲ್ಲದ ವ್ಯಕ್ತಿ' ಅಂತ ಅಷ್ಟೇ. ಆ ಸಾಲಿನವರಲ್ಲಿ ಸುಮಾರು ಮೂರನೇ ಒಂದು ಭಾಗ ಕಾನೂನುಬದ್ಧವಾಗಿಯೇ ಅಲ್ಲಿದ್ದವರು.

ಹೀಗಾಗಿ ಪಟ್ಟಿ ಒಂದು ಕಡೆ ಕಡಿಮೆ ಎಣಿಸುತ್ತದೆ, ಇನ್ನೊಂದು ಕಡೆ ಹೆಸರಿನ ಬಲದಿಂದ ಹೆಚ್ಚು ಎಣಿಸಿದಂತೆ ಕಾಣುತ್ತದೆ. ಎರಡನ್ನೂ ನೆನಪಿಟ್ಟುಕೊಳ್ಳಬೇಕು.

ಮೂರು ಸಾವಿರ ಕೊಲೆ

ಈ ಹೆಸರಿನಿಂದ ಎಂಥ ಗೊಂದಲ ಹುಟ್ಟುತ್ತದೆ ಎಂಬುದಕ್ಕೆ 2014ರ ಉದಾಹರಣೆ ಇದೆ. ಆಗ ಟೆಕ್ಸಾಸ್‌ನ ಗವರ್ನರ್ ಆಗಿದ್ದವರು ರಿಕ್ ಪೆರಿ. ಗಡಿಗೆ ನ್ಯಾಷನಲ್ ಗಾರ್ಡ್ ಪಡೆ ಕಳಿಸುವ ಸಂದರ್ಭ. 2008ರಿಂದ ಈಚೆಗೆ ಜೈಲಿಗೆ ಬಂದ ಎರಡು ಲಕ್ಷಕ್ಕೂ ಹೆಚ್ಚು ವಲಸಿಗರ ಲೆಕ್ಕ ಕೊಟ್ಟು, ಅವರಿಂದ 3,000ದಷ್ಟು ಕೊಲೆಗಳಾಗಿವೆ ಎಂಬ ಮಾತನ್ನು ಅವರು ಆಡಿದರು. ಕೇಳಿದವರಿಗೆ ಆರು ವರ್ಷದಲ್ಲಿ ಅಕ್ರಮ ವಲಸಿಗರು 3,000 ಜನರನ್ನು ಕೊಂದರು ಎಂದೇ ಅರ್ಥವಾಯಿತು.

ಒಂದು ಸಣ್ಣ ಗಣಿತ ಮಾಡಿ ನೋಡಿ. ಆ ವರ್ಷಗಳಲ್ಲಿ ಇಡೀ ಟೆಕ್ಸಾಸ್‌ನಲ್ಲಿ ಎಲ್ಲರೂ ಸೇರಿ ಮಾಡಿದ ಕೊಲೆಗಳು ವರ್ಷಕ್ಕೆ ಸುಮಾರು 1,100ರಿಂದ 1,400. ಆರು ವರ್ಷಕ್ಕೆ ಏಳು ಸಾವಿರದ ಚಿಲ್ಲರೆ. ಅದರಲ್ಲಿ 3,000 ಅಂದರೆ ಹತ್ತು ಕೊಲೆಗಳಲ್ಲಿ ನಾಲ್ಕು. ರಾಜ್ಯದಲ್ಲಿ ಪೌರರಲ್ಲದವರ ಪಾಲು ಸುಮಾರು ಹತ್ತರಲ್ಲಿ ಒಂದು. ಇಷ್ಟು ದೊಡ್ಡ ಸಂಗತಿ ನಿಜವಾಗಿದ್ದರೆ ಯಾವ ಪೊಲೀಸ್ ಠಾಣೆಗೂ ಗೊತ್ತಾಗದೆ ಇರುತ್ತಿತ್ತೇ? ಪಾಲಿಟಿಫ್ಯಾಕ್ಟ್ ಎಂಬ ಸತ್ಯಶೋಧನಾ ಸಂಸ್ಥೆ ಈ ಹೇಳಿಕೆಗೆ ತನ್ನ ಅತ್ಯಂತ ಕೆಳಗಿನ ದರ್ಜೆ ಕೊಟ್ಟಿತು.

ತಪ್ಪು ಎಲ್ಲಾಯಿತು? ಇಲಾಖೆಯ ಅಂಕಿ ಕಟ್ಟುಕಥೆಯಲ್ಲ, ಆದರೆ ಅದರಲ್ಲಿ ಮೂರು ಬೇರೆ ಬೇರೆ ಸಂಗತಿಗಳು ಕಲಸಿಹೋಗಿದ್ದವು. ಒಂದು, ಎರಡು ಲಕ್ಷ ಜನರಲ್ಲಿ ಕಾನೂನುಬದ್ಧ ವಲಸಿಗರೂ ಇದ್ದರು. ಎರಡು, 2008ರ ನಂತರ ಒಮ್ಮೆ ಜೈಲಿಗೆ ಬಂದ ವ್ಯಕ್ತಿಯ ಮೇಲೆ ಟೆಕ್ಸಾಸ್‌ನಲ್ಲಿ ಅವನ ಇಡೀ ಜೀವಮಾನದಲ್ಲಿ ಬಂದ ಆರೋಪಗಳೆಲ್ಲ ಲೆಕ್ಕಕ್ಕೆ ಸೇರಿದ್ದವು. 2010ರಲ್ಲಿ ಸಣ್ಣ ಕಳವಿನ ಕೇಸಿನಲ್ಲಿ ಸಿಕ್ಕವನ ಮೇಲೆ 1990ರಲ್ಲಿ ಇದ್ದ ಆರೋಪವೂ ಅಲ್ಲಿ ಬರುತ್ತದೆ. ಮೂರು, ಅವು ಆರೋಪಗಳು, ಸಾಬೀತಾದ ಅಪರಾಧಗಳಲ್ಲ.

ಈ ಮೂರನೆಯದನ್ನು ಉರ್ದು ಬಲ್ಲವರು ಸುಲಭವಾಗಿ ಹಿಡಿಯಬಹುದು. ಇಲ್ಜಾಮ್ ಬೇರೆ, ಗಿರಫ್ತಾರಿ ಬೇರೆ, ಜುರ್ಮ್ ಬೇರೆ, ಸಜಾ ಬೇರೆ. ನಾಲ್ಕು ಪದ, ನಾಲ್ಕು ಹಂತ. ಕನ್ನಡದಲ್ಲಿ ನಾವು ಬಳಸುವ 'ದಸ್ತಗಿರಿ' ಪಾರಸಿಯಿಂದ ಬಂದದ್ದು, ಕೈ ಹಿಡಿಯುವುದು ಎಂದು ಮೂಲಾರ್ಥ. ಉರ್ದುವಿನಲ್ಲಿ ಅದೇ ಪದಕ್ಕೆ ಕಷ್ಟದಲ್ಲಿರುವವನ ಕೈ ಹಿಡಿದು ನೆರವಾಗುವುದು ಎಂಬ ಅರ್ಥ ಇವತ್ತಿಗೂ ಇದೆ. ಕೈ ಹಿಡಿದ ಮಾತ್ರಕ್ಕೆ ಅಪರಾಧಿ ಆಗಿಬಿಡುವುದಿಲ್ಲ. ಆದರೆ ರಾಜಕೀಯ ಭಾಷಣದಲ್ಲಿ ನಾಲ್ಕೂ ಹಂತಗಳು ಒಂದೇ ಉಸಿರಿನಲ್ಲಿ ಬಂದುಹೋಗುತ್ತವೆ.

ಛೇದ ಸಿಕ್ಕಾಗ

ಆರನೇ ಕ್ಲಾಸಿನ ಮಗುವಿಗೂ ಗೊತ್ತು, ಭಿನ್ನರಾಶಿಯಲ್ಲಿ ಮೇಲಿರುವುದು ಅಂಶ, ಕೆಳಗಿರುವುದು ಛೇದ. ಒಂದು ತರಗತಿಯಲ್ಲಿ 5 ಮಕ್ಕಳು ಫೇಲಾದರು, ಇನ್ನೊಂದರಲ್ಲಿ 8 ಮಕ್ಕಳು ಫೇಲಾದರು. ಯಾವ ತರಗತಿ ಹಿಂದುಳಿದಿದೆ? ತರಗತಿಯಲ್ಲಿ ಎಷ್ಟು ಮಕ್ಕಳಿದ್ದಾರೆ ಅಂತ ಗೊತ್ತಾಗದೆ ಉತ್ತರ ಕೊಡಲು ಬರುವುದಿಲ್ಲ. ಟೆಕ್ಸಾಸ್‌ನ ಪಟ್ಟಿಯಲ್ಲಿ ಇಲ್ಲದಿರುವುದು ಈ ಛೇದ. ಎಷ್ಟು ಜನರಲ್ಲಿ ಎಷ್ಟು ಜನ ಎಂಬುದೂ ಇಲ್ಲ, ಅಮೆರಿಕದಲ್ಲೇ ಹುಟ್ಟಿದವರ ಲೆಕ್ಕ ಎಷ್ಟು ಎಂಬ ಹೋಲಿಕೆಯೂ ಇಲ್ಲ. ಬರೀ ಅಂಶಗಳ ಸಾಲು.

ಛೇದವನ್ನು ಹುಡುಕಿ ಹಾಕಿದವರು ಸಂಶೋಧಕರು. ವಿಸ್ಕಾನ್ಸಿನ್-ಮ್ಯಾಡಿಸನ್ ವಿಶ್ವವಿದ್ಯಾಲಯದ ಸಮಾಜಶಾಸ್ತ್ರಜ್ಞ ಮೈಕೆಲ್ ಲೈಟ್ ಮತ್ತು ಅವರ ಇಬ್ಬರು ಜೊತೆಗಾರರು ಇದೇ ಡಿಪಿಎಸ್‌ನ 2012ರಿಂದ 2018ರವರೆಗಿನ ಬಂಧನ ದಾಖಲೆ ತೆಗೆದುಕೊಂಡರು. ಫೆಲನಿ ಎಂದು ಕರೆಯುವ ಗಂಭೀರ ಅಪರಾಧಗಳನ್ನು ಮಾತ್ರ ಆರಿಸಿದರು. ಕೆಳಗೆ ಪ್ರತಿ ಗುಂಪಿನ ಜನಸಂಖ್ಯೆಯ ಅಂದಾಜು ಇಟ್ಟರು. 2020ರ ಡಿಸೆಂಬರ್‌ನಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಫಲಿತಾಂಶ ಬಂತು. ಕಾಗದಪತ್ರ ಇಲ್ಲದ ವಲಸಿಗರಿಗೆ ಹೋಲಿಸಿದರೆ ಅಮೆರಿಕದಲ್ಲೇ ಹುಟ್ಟಿದ ಪೌರರು ಹಿಂಸಾತ್ಮಕ ಅಪರಾಧಕ್ಕೆ ಬಂಧನಕ್ಕೊಳಗಾಗುವ ಪ್ರಮಾಣ ಎರಡು ಪಟ್ಟಿಗೂ ಹೆಚ್ಚು, ಮಾದಕವಸ್ತು ಅಪರಾಧದಲ್ಲಿ ಎರಡೂವರೆ ಪಟ್ಟು, ಆಸ್ತಿಪಾಸ್ತಿ ಅಪರಾಧದಲ್ಲಿ ನಾಲ್ಕು ಪಟ್ಟಿಗೂ ಹೆಚ್ಚು.

ಬಂಧನದ ಬದಲು ಶಿಕ್ಷೆಯನ್ನು ಲೆಕ್ಕ ಹಾಕಿದರೆ? ಕೇಟೋ ಇನ್‌ಸ್ಟಿಟ್ಯೂಟ್‌ನ ಅಲೆಕ್ಸ್ ನವ್ರಸ್ತೆ ಅದನ್ನೂ ಮಾಡಿದರು. ಕೇಟೋ ಎಡಪಂಥೀಯ ಸಂಸ್ಥೆಯಲ್ಲ, ಮುಕ್ತ ಮಾರುಕಟ್ಟೆಯ ಪರ ವಾದಿಸುವ ಸಂಸ್ಥೆ. ಅವರ ಲೆಕ್ಕದಂತೆ 2018ರಲ್ಲಿ ಟೆಕ್ಸಾಸ್‌ನಲ್ಲಿ ಅಪರಾಧ ಸಾಬೀತಾದದ್ದು, ಅಮೆರಿಕದಲ್ಲಿ ಹುಟ್ಟಿದ ಒಂದು ಲಕ್ಷ ಜನರಿಗೆ 1,422. ಕಾಗದಪತ್ರ ಇಲ್ಲದ ಒಂದು ಲಕ್ಷ ವಲಸಿಗರಿಗೆ 782. ಕಾನೂನುಬದ್ಧವಾದ ಒಂದು ಲಕ್ಷ ವಲಸಿಗರಿಗೆ 535.

ಇದು ಹೊಸ ಸಂಗತಿಯೂ ಅಲ್ಲ. 1931ರಲ್ಲೇ ಅಮೆರಿಕ ಸರ್ಕಾರದ ವಿಕರ್‌ಶ್ಯಾಮ್ ಆಯೋಗ ವಿದೇಶದಲ್ಲಿ ಹುಟ್ಟಿದವರ ಅಪರಾಧದ ಬಗ್ಗೆ ಪ್ರತ್ಯೇಕ ವರದಿ ಕೊಟ್ಟು, ಅವರ ಪ್ರಮಾಣ ದೇಶದಲ್ಲಿ ಹುಟ್ಟಿದವರಿಗಿಂತ ಹೆಚ್ಚಿಲ್ಲ ಎಂದಿತ್ತು. ಆಗ ಬೈಗುಳ ತಿನ್ನುತ್ತಿದ್ದವರಲ್ಲಿ ಇಟಲಿಯವರೂ ಇದ್ದರು. ಈಗ ಮೆಕ್ಸಿಕೋದವರು, ವೆನೆಜುವೆಲಾದವರು.

ಎದುರು ವಾದ

ನಮಗೆ ಇಷ್ಟವಾದ ಫಲಿತಾಂಶ ಬಂದ ಕೂಡಲೇ ಪುಸ್ತಕ ಮುಚ್ಚಿಡುವುದು ಒಳ್ಳೆಯ ವಿದ್ಯಾರ್ಥಿಯ ಲಕ್ಷಣವಲ್ಲ. ಎದುರು ವಾದವನ್ನೂ ಕೇಳಬೇಕು.

ವಲಸೆ ಕಡಿಮೆಯಾಗಬೇಕು ಎಂದು ವಾದಿಸುವ ಸೆಂಟರ್ ಫಾರ್ ಇಮಿಗ್ರೇಷನ್ ಸ್ಟಡೀಸ್ 2022ರಲ್ಲಿ ಒಂದು ಗಂಭೀರ ಆಕ್ಷೇಪ ಎತ್ತಿತು. ಬಂಧನದ ಹೊತ್ತಿಗೆ ಬೆರಳಚ್ಚು ತಾಳೆಯಾಗದ ಕೆಲವರು ಮುಂದೆ ರಾಜ್ಯ ಸೆರೆಮನೆಗೆ ಹೋದ ಮೇಲೆ ಗುರುತು ಸಿಗುತ್ತಾರೆ. ದೊಡ್ಡ ಅಪರಾಧ ಮಾಡಿದವರಷ್ಟೇ ಅಲ್ಲಿಗೆ ಹೋಗುವುದರಿಂದ ಕೊಲೆಯಂಥ ಅಪರಾಧಗಳಲ್ಲಿ ವಲಸಿಗರ ಲೆಕ್ಕ ಕಡಿಮೆ ಬೀಳುತ್ತದೆ, ಈಚಿನ ವರ್ಷಗಳಲ್ಲಿ ಇನ್ನೂ ಕಡಿಮೆ ಬೀಳುತ್ತದೆ, ಯಾಕೆಂದರೆ ಅವರನ್ನು ಗುರುತಿಸಲು ಸಮಯ ಹಿಡಿಯುತ್ತದೆ. ಇದು ತಳ್ಳಿಹಾಕುವ ಮಾತಲ್ಲ. ನವ್ರಸ್ತೆ ಇದಕ್ಕೆ ಉತ್ತರ ಕೊಟ್ಟು, ಎರಡೂ ಕಡೆ ಗುರುತಿಸಲಾದ ವ್ಯಕ್ತಿಗಳನ್ನು ಆ ಸಂಸ್ಥೆ ಎರಡು ಸಲ ಎಣಿಸಿದೆ ಎಂದರು. ಜಗಳ ಮುಗಿದಿಲ್ಲ. ಆದರೆ ಗಮನಿಸಿ, ಇಲ್ಲಿ ಇಬ್ಬರೂ ಛೇದವನ್ನಿಟ್ಟುಕೊಂಡೇ ಮಾತಾಡುತ್ತಿದ್ದಾರೆ. ಹಾಗಾಗಿ ಇದು ಚರ್ಚೆ. ಮೂರು ಸಾವಿರ ಕೊಲೆಯ ಮಾತು ಚರ್ಚೆಯಾಗಿರಲಿಲ್ಲ.

ಇನ್ನೊಂದು ಆಕ್ಷೇಪ, ಕಾಗದಪತ್ರ ಇಲ್ಲದವರು ಎಷ್ಟು ಜನ ಅಂತ ಯಾರಿಗೆ ಗೊತ್ತು, ಛೇದವೇ ಅಂದಾಜು ಅಲ್ವಾ ಎಂಬುದು. ಹೌದು, ಅಂದಾಜೇ. ಆದರೆ ಆ ಅಂದಾಜು ಎಷ್ಟು ತಪ್ಪಿದರೆ ಫಲಿತಾಂಶ ತಿರುಗುತ್ತದೆ ಎಂದು ನಾವೇ ನೋಡಬಹುದು. 782 ಹೋಗಿ 1,422 ಆಗಬೇಕಾದರೆ, ಒಂದು ಲಕ್ಷ ಜನ ಇದ್ದಾರೆ ಎಂದುಕೊಂಡ ಕಡೆ ನಿಜವಾಗಿ 55,000 ಜನ ಮಾತ್ರ ಇರಬೇಕು. ಆದರೆ ವಲಸೆಯನ್ನು ವಿರೋಧಿಸುವವರು ಹೇಳುವುದು ಏನು? ಸರ್ಕಾರಿ ಅಂದಾಜಿಗಿಂತ ಎಷ್ಟೋ ಹೆಚ್ಚು ಜನ ಒಳಗೆ ನುಗ್ಗಿದ್ದಾರೆ ಅಂತ. ಜನ ಹೆಚ್ಚಾದರೆ ಛೇದ ದೊಡ್ಡದಾಗುತ್ತದೆ, ಅಪರಾಧದ ಪ್ರಮಾಣ ಇನ್ನೂ ಇಳಿಯುತ್ತದೆ. ಎರಡು ದೂರುಗಳನ್ನೂ ಒಟ್ಟಿಗೆ ಹೇಳಲು ಗಣಿತ ಬಿಡುವುದಿಲ್ಲ.

ಮೂರನೆಯದು, ಗಡೀಪಾರಿನ ಭಯದಿಂದ ವಲಸಿಗರ ಕೇರಿಗಳಲ್ಲಿ ಎಷ್ಟೋ ಜನ ಪೊಲೀಸರಿಗೆ ದೂರೇ ಕೊಡುವುದಿಲ್ಲ. ಹಾಗಾದರೆ ಅಲ್ಲಿನ ಕೆಲವು ಅಪರಾಧಗಳು ಲೆಕ್ಕಕ್ಕೆ ಬರುವುದಿಲ್ಲ. ಇದಕ್ಕೆ ಎದುರಾಗಿ, ಮುಖ ನೋಡಿ ತಡೆದು ನಿಲ್ಲಿಸುವ ಪೊಲೀಸರಿದ್ದರೆ ವಲಸಿಗರ ಬಂಧನ ಹೆಚ್ಚೇ ಆಗಬೇಕಿತ್ತು. ಎರಡೂ ನಿಜ ಇರಬಹುದು. ಬಂಧನದ ಅಂಕಿ ಅಪರಾಧವನ್ನು ಎಷ್ಟು ಅಳೆಯುತ್ತದೋ ಪೊಲೀಸರ ನಡತೆಯನ್ನೂ ಅಷ್ಟೇ ಅಳೆಯುತ್ತದೆ. ಈ ಮಾತು ಮುಂದೆ ನಮ್ಮ ಕಡೆಗೂ ತಿರುಗಿ ಬರುತ್ತದೆ.

'ಇಲ್ಲಿ ಇರಬಾರದಿತ್ತು'

ಡಿಪಿಎಸ್‌ನ ಟಿಪ್ಪಣಿಯಲ್ಲಿ ಇನ್ನೊಂದು ಮಾತಿದೆ. ಅಕ್ರಮವಾಗಿ ಬಂದವರು ಬೇರೆಯವರಿಗಿಂತ ಹೆಚ್ಚು ಅಪರಾಧ ಮಾಡುತ್ತಾರೆ ಎಂದು ತಾನು ಹೇಳುತ್ತಿಲ್ಲ ಎಂದು ಇಲಾಖೆ ಸ್ಪಷ್ಟಪಡಿಸುತ್ತದೆ. ಅದರ ಬೆನ್ನಲ್ಲೇ, ಈ ವ್ಯಕ್ತಿಗಳು ದೇಶದಲ್ಲಿ ಇರಲೇಬಾರದಿತ್ತು, ಆದ್ದರಿಂದ ಈ ಅಪರಾಧಗಳೂ ಆಗಬಾರದಿತ್ತು ಎಂಬ ಅರ್ಥದ ಮಾತು ಬರುತ್ತದೆ. ಇಡೀ ಪಟ್ಟಿಯ ಜೀವ ಇರುವುದು ಇಲ್ಲೇ. ಮೊದಲ ವಾಕ್ಯ ಲೆಕ್ಕದ ಮಾತು, ಎರಡನೆಯದು ಲೆಕ್ಕದ ಮಾತಲ್ಲ. ಛೇದ ಬೇಡ ಎನ್ನುವುದಕ್ಕೆ ಇಲಾಖೆ ಕೊಟ್ಟ ಕಾರಣವೇ ಇದು. ಒಂದೇ ಒಂದು ಕೊಲೆಯಾದರೂ ಅದು ಆಗಬಾರದಿತ್ತು ಅಲ್ವಾ, ಮತ್ತೆ ಪ್ರಮಾಣ ಯಾಕೆ?

ಮಗಳನ್ನೋ ಮಗನನ್ನೋ ಕಳೆದುಕೊಂಡ ತಾಯಿ ಹೀಗೆ ಕೇಳಿದರೆ ಅವಳ ಮುಂದೆ ಶೇಕಡಾವಾರು ಲೆಕ್ಕ ಇಡುವಷ್ಟು ಕಲ್ಲುಮನಸ್ಸು ಯಾರಿಗೂ ಇರಬಾರದು. ಅವಳಿಗೆ ಅದು ನೂರಕ್ಕೆ ನೂರು. ಆದರೆ ಸರ್ಕಾರ ತಾಯಿಯಲ್ಲ. ಸರ್ಕಾರ ಎಲ್ಲ ತಾಯಂದಿರ ಲೆಕ್ಕವನ್ನೂ ಇಡಬೇಕಾದದ್ದು. ದೇಶದಲ್ಲೇ ಹುಟ್ಟಿದವನಿಂದ ಸತ್ತವರ ತಾಯಂದಿರಿಗೆ ಇಂಥ ಪ್ರತ್ಯೇಕ ಪಟ್ಟಿ ಇಲ್ಲ. ಜಾಮೀನಿನ ಮೇಲೆ ಹೊರಬಂದು ಕೊಂದವನೂ, ಪರವಾನಗಿ ಇರಬಾರದಿದ್ದ ಬಂದೂಕಿನಿಂದ ಕೊಂದವನೂ 'ಅಲ್ಲಿ ಇರಬಾರದಿದ್ದ'ವನೇ. ಎಲ್ಲ ಅಪರಾಧವೂ ಆಗಬಾರದಿದ್ದ ಅಪರಾಧವೇ. ಅದರಲ್ಲಿ ಒಂದು ಗುಂಪಿನದನ್ನು ಮಾತ್ರ ಬೇರೆ ಎತ್ತಿಟ್ಟು, ವರ್ಷ ವರ್ಷ ಕೂಡಿಸುತ್ತ ಹೋದರೆ ಅಂಕಿ ಬೆಳೆಯುತ್ತಲೇ ಇರುತ್ತದೆ, ಅಪರಾಧ ಇಳಿಯುತ್ತಿದ್ದರೂ ಬೆಳೆಯುತ್ತದೆ. 2011ರಿಂದ ಕೂಡಿಸುತ್ತ ಬಂದ ಲೆಕ್ಕಕ್ಕೆ ಇಳಿಯುವ ದಾರಿಯೇ ಇಲ್ಲ.

ಅಂಕಿಗಳು ಕಾಗದದ ಮೇಲೆ ಉಳಿಯುವುದಿಲ್ಲ ಎಂಬುದೂ ನೆನಪಿರಲಿ. 2025ರ ಜನವರಿಯಲ್ಲಿ ಅಮೆರಿಕದಲ್ಲಿ ಲೇಕನ್ ರೈಲಿ ಕಾಯ್ದೆ ಜಾರಿಗೆ ಬಂತು. ಕಾನೂನಿನ ಅನುಮತಿ ಇಲ್ಲದ ವಲಸಿಗರನ್ನು ಕಳವು, ಅಂಗಡಿ ಕಳವಿನಂಥ ಆರೋಪದ ಮೇಲೆ ಬಂಧಿಸಿದರೂ ಸಾಕು, ವಲಸೆ ಇಲಾಖೆ ಅವರನ್ನು ಕಡ್ಡಾಯವಾಗಿ ಬಂಧನದಲ್ಲಿ ಇಡಬೇಕು. ಅಪರಾಧ ಸಾಬೀತಾಗಬೇಕಾಗಿಲ್ಲ. ಇಲ್ಜಾಮ್ ಮತ್ತು ಜುರ್ಮ್ ನಡುವಿನ ಗೋಡೆಯನ್ನು ಮೊದಲು ಪಟ್ಟಿ ತೆಳುವಾಗಿಸಿತು, ಆಮೇಲೆ ಕಾನೂನು ಕೆಡವಿತು.

549ರಲ್ಲಿ 402

ಇದೇ ಬಗೆಯ ಲೆಕ್ಕ ನೇರವಾಗಿ ಮುಸ್ಲಿಮರ ಬಾಗಿಲಿಗೂ ಬಂದಿತ್ತು. ಹಲವು ಮುಸ್ಲಿಂ ದೇಶಗಳ ಜನರ ಪ್ರವೇಶ ತಡೆಯುವ 2017ರ ಆದೇಶದಲ್ಲೇ, ವಿದೇಶಿಯರ ಭಯೋತ್ಪಾದನೆಯ ಅಂಕಿ ಪ್ರಕಟಿಸಬೇಕು ಎಂಬ ಷರತ್ತೂ ಇತ್ತು. ಅದರಂತೆ 2018ರ ಜನವರಿಯಲ್ಲಿ ಅಮೆರಿಕದ ನ್ಯಾಯ ಇಲಾಖೆ ಮತ್ತು ಹೋಮ್‌ಲ್ಯಾಂಡ್ ಸೆಕ್ಯುರಿಟಿ ಜಂಟಿ ವರದಿ ಕೊಟ್ಟವು. 2001ರ ಸೆಪ್ಟೆಂಬರ್ 11ರಿಂದ 2016ರ ಕೊನೆಯವರೆಗೆ ಶಿಕ್ಷೆಯಾದ 549 ಜನರಲ್ಲಿ 402 ಮಂದಿ ವಿದೇಶದಲ್ಲಿ ಹುಟ್ಟಿದವರು, ಅಂದರೆ ಶೇಕಡ 73.

ಇಲ್ಲಿ ಛೇದ ಇದೆಯಲ್ಲ ಅನ್ನಬಹುದು. ಇದೆ, ಆದರೆ ಅದನ್ನು ಆರಿಸಿದ ಬಗೆ ನೋಡಿ. ಆ 549ರಲ್ಲಿ ಇರುವುದು 'ಅಂತಾರಾಷ್ಟ್ರೀಯ ಭಯೋತ್ಪಾದನೆ'ಗೆ ಸಂಬಂಧಿಸಿದ ಪ್ರಕರಣಗಳು ಮಾತ್ರ. ದೇಶದೊಳಗಿನ ಭಯೋತ್ಪಾದನೆ ಹೊರಗೆ. 2015ರಲ್ಲಿ ಚಾರ್ಲ್ಸ್‌ಟನ್‌ನ ಚರ್ಚ್‌ನಲ್ಲಿ ಪ್ರಾರ್ಥನೆಗೆ ಸೇರಿದ್ದ ಒಂಬತ್ತು ಕಪ್ಪು ಜನರನ್ನು ಕೊಂದ ಬಿಳಿಯ ಯುವಕ ಈ ಲೆಕ್ಕದಲ್ಲಿಲ್ಲ. ವಿದೇಶದಲ್ಲಿ ಸಿಕ್ಕಿ, ವಿಚಾರಣೆಗೆಂದೇ ಅಮೆರಿಕಕ್ಕೆ ಕರೆತಂದವರು ಇದ್ದಾರೆ. ಅವರು ವಲಸೆ ಬಂದವರೇ ಅಲ್ಲ. ವಿದೇಶದ ಜೊತೆ ನಂಟಿರುವ ಪ್ರಕರಣಗಳನ್ನೇ ಆರಿಸಿ, ಅದರಲ್ಲಿ ವಿದೇಶದಲ್ಲಿ ಹುಟ್ಟಿದವರು ಹೆಚ್ಚು ಎಂದು ಹೇಳುವುದು, ಮದರಸಾದಲ್ಲಿ ಗಣತಿ ಮಾಡಿ ಊರಿನಲ್ಲಿ ಉರ್ದು ಓದುವವರೇ ಹೆಚ್ಚು ಅಂದಹಾಗೆ.

ಟೆಕ್ಸಾಸ್‌ನ ಪಟ್ಟಿಯಲ್ಲಿ ಛೇದ ಇಲ್ಲ, ಇಲ್ಲಿ ಛೇದ ಕತ್ತರಿಸಿದ್ದು. ಓದುವವರು ಎರಡನ್ನೂ ಗುರುತಿಸಲು ಕಲಿಯಬೇಕು.

ನಮ್ಮ ಕಡೆಯ ಲೆಕ್ಕ

ಮುಂಬೈ, ಪುಣೆ, ಹೈದರಾಬಾದ್‌ನಲ್ಲಿರುವ ಕನ್ನಡಿಗರಿಗೆ ಇಂಥ ಪಟ್ಟಿ ಹೊಸದಲ್ಲ. 1960ರ ದಶಕದಲ್ಲಿ ಮುಂಬೈನ 'ಮಾರ್ಮಿಕ್' ವಾರಪತ್ರಿಕೆ ಕಂಪನಿಗಳಲ್ಲಿ ಕೆಲಸದಲ್ಲಿದ್ದ ದಕ್ಷಿಣ ಭಾರತೀಯರ ಹೆಸರುಗಳ ಪಟ್ಟಿ ಅಚ್ಚು ಮಾಡುತ್ತಿತ್ತು. ಹೆಸರುಗಳು ನಿಜವೇ. ಒಟ್ಟು ಕೆಲಸಗಾರರು ಎಷ್ಟು, ಅವರಲ್ಲಿ ಇವರೆಷ್ಟು ಎಂಬುದು ಮಾತ್ರ ಇರುತ್ತಿರಲಿಲ್ಲ. 1966ರಲ್ಲಿ ಶಿವಸೇನೆ ಹುಟ್ಟಿತು, ಉಡುಪಿ ಹೋಟೆಲುಗಳಿಗೆ ಕಲ್ಲು ಬಿತ್ತು. ಹಳಬರನ್ನು ಕೇಳಿ, ಹೇಳುತ್ತಾರೆ.

ಈಗ 'ಬಾಂಗ್ಲಾದೇಶೀ' ಎಂಬ ಕಲಮಿನ ಕಾಲ. 2025ರ ಜೂನ್‌ನಲ್ಲಿ ಮಹಾರಾಷ್ಟ್ರದಲ್ಲಿ ದುಡಿಯುತ್ತಿದ್ದ ಪಶ್ಚಿಮ ಬಂಗಾಳದ ಕೆಲವು ಕೂಲಿಕಾರರನ್ನು ಬಾಂಗ್ಲಾದೇಶದವರೆಂದು ಹಿಡಿದು ಗಡಿಯಾಚೆ ತಳ್ಳಲಾಯಿತು. ಅವರು ಭಾರತೀಯರು ಎಂದು ಬಂಗಾಳದ ಅಧಿಕಾರಿಗಳು ದಾಖಲೆ ಕೊಟ್ಟ ಮೇಲೆ ವಾಪಸ್ ಕರೆತಂದರು. ಬಂಧನದ ಅಂಕಿಯಲ್ಲಿ ಅವರು 'ಸಿಕ್ಕಿಬಿದ್ದ ವಿದೇಶಿಯರು'. ವಾಪಸ್ ಬಂದ ಮೇಲೆ ಆ ಅಂಕಿಯಿಂದ ಅವರನ್ನು ಕಳೆಯುವವರು ಯಾರು?

ಅದೇ ವರ್ಷದ ಫೆಬ್ರವರಿ 5ರಂದು ಅಮೆರಿಕದ ಸೇನಾ ವಿಮಾನವೊಂದು 104 ಭಾರತೀಯರನ್ನು ಕೈಕೋಳ ಹಾಕಿ ಅಮೃತಸರದಲ್ಲಿ ಇಳಿಸಿತು.  ಹೆಚ್ಚಿನವರು ಪಂಜಾಬ್, ಹರಿಯಾಣ, ಗುಜರಾತ್‌ನವರು. ಆವತ್ತು ನಮ್ಮ ದೇಶಕ್ಕೆಲ್ಲ ನೋವಾಯಿತು. ಅವರು ಏಜೆಂಟರಿಗೆ ಲಕ್ಷಗಟ್ಟಲೆ ಕೊಟ್ಟು ಮೋಸ ಹೋದವರು, ಕ್ರಿಮಿನಲ್‌ಗಳಲ್ಲ ಎಂದು ಎಲ್ಲರೂ ಹೇಳಿದರು. ಸರಿ. ಆದರೆ ಅದೇ ಮಾತನ್ನು ಗಡಿ ದಾಟಿ ಬಂದ ಬೇರೆಯವರ ಬಗ್ಗೆ ಹೇಳಲು ನಾಲಿಗೆ ಏಳುವುದಿಲ್ಲ ಯಾಕೆ?

ಇನ್ನು ಕಷ್ಟದ ಪ್ರಶ್ನೆ. ಛೇದ ಇಟ್ಟ ಮೇಲೂ ಲೆಕ್ಕ ನಮಗೆ ವಿರುದ್ಧವಾಗಿ ಬಂದರೆ? ಭಾರತದ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಟಿಸುವ ಕಾರಾಗೃಹ ಅಂಕಿಅಂಶದಲ್ಲಿ ಧರ್ಮದ ಕಲಮೂ ಇದೆ. 2019ರ ಲೆಕ್ಕದಲ್ಲಿ ವಿಚಾರಣಾಧೀನ ಕೈದಿಗಳಲ್ಲಿ ಮುಸ್ಲಿಮರು ಶೇಕಡ 18.7, ಶಿಕ್ಷೆಯಾದವರಲ್ಲಿ ಶೇಕಡ 16.6. 2011ರ ಜನಗಣತಿಯಂತೆ ಜನಸಂಖ್ಯೆಯಲ್ಲಿ ಶೇಕಡ 14.2. ಇಲ್ಲಿ ನಾವು ತಕ್ಷಣ ಹೇಳುವುದು, ಇದು ಪೊಲೀಸರ ಪಕ್ಷಪಾತ ಅಂತ. ಟೆಕ್ಸಾಸ್‌ನಲ್ಲಿ ಬಂಧನ ಕಡಿಮೆ ಇದ್ದರೆ ಅದು ವಲಸಿಗರ ಒಳ್ಳೆಯತನ, ಭಾರತದಲ್ಲಿ ಹೆಚ್ಚಿದ್ದರೆ ಅದು ಪೊಲೀಸರ ಕೆಟ್ಟತನ. ಎರಡು ಕಡೆ ಎರಡು ತಕ್ಕಡಿ ಹಿಡಿದರೆ ಯಾರೂ ನಮ್ಮ ಮಾತು ನಂಬುವುದಿಲ್ಲ, ನಂಬಬಾರದು ಕೂಡ.

ಒಂದೇ ತಕ್ಕಡಿ ಹಿಡಿದರೆ ಏನು ಕಾಣುತ್ತದೆ? ಟೆಕ್ಸಾಸ್‌ನಲ್ಲಿ ಬಂಧನದ ಅಂಕಿಯನ್ನು ಶಿಕ್ಷೆಯ ಅಂಕಿಯ ಜೊತೆ ಇಟ್ಟು ನೋಡಿದರು, ಅಲ್ಲೂ ವಲಸಿಗರ ಪ್ರಮಾಣ ಕಡಿಮೆಯೇ ಇತ್ತು. ಇಲ್ಲೂ ಹಾಗೆ ಇಟ್ಟು ನೋಡಬೇಕು. ವಿಚಾರಣಾಧೀನರ ಪಾಲಿಗಿಂತ ಶಿಕ್ಷೆಯಾದವರ ಪಾಲು ಕಡಿಮೆ. ಆ ಅಂತರ ಏನನ್ನೋ ಹೇಳುತ್ತದೆ. ಆದರೆ 16.6 ಕೂಡ 14.2ಕ್ಕಿಂತ ಹೆಚ್ಚೇ. ಅದಕ್ಕೆ ಬಡತನ, ಶಾಲೆ ಬಿಡುವ ಹುಡುಗರ ಸಂಖ್ಯೆ, ವಕೀಲರಿಗೆ ಕೊಡಲು ದುಡ್ಡಿಲ್ಲದಿರುವುದು, ಜಾಮೀನಿಗೆ ಆಸ್ತಿ ತೋರಿಸಲಾಗದಿರುವುದು, ಪೊಲೀಸರ ಪೂರ್ವಗ್ರಹ, ಎಲ್ಲವನ್ನೂ ಒಂದೊಂದಾಗಿ ಪರಿಶೀಲಿಸಬೇಕು. ದಲಿತ, ಆದಿವಾಸಿ ಕೈದಿಗಳ ವಿಷಯದಲ್ಲೂ ಇದೇ ಪ್ರಶ್ನೆಗಳು ಏಳುತ್ತವೆ. 2022ರ ಕೊನೆಗೆ ಭಾರತದ ಜೈಲುಗಳಲ್ಲಿದ್ದ 5,73,220 ಜನರಲ್ಲಿ 4,34,302 ಮಂದಿ, ಅಂದರೆ ನಾಲ್ವರಲ್ಲಿ ಮೂವರು, ಅಪರಾಧ ಇನ್ನೂ ಸಾಬೀತಾಗದವರು. ಈ ಅಂಕಿಯನ್ನು ಪಕ್ಕದಲ್ಲಿ ಇಡದೆ ಜೈಲಿನ ಧರ್ಮವಾರು ಲೆಕ್ಕ ಹೇಳುವವರೂ ಅರ್ಧ ಲೆಕ್ಕವನ್ನೇ ಹೇಳುತ್ತಾರೆ.

ಒಳ್ಳೆಯ ಪ್ರಮಾಣಪತ್ರ ಬೇಕೇ?

ಟೆಕ್ಸಾಸ್‌ನ ಸಂಶೋಧನೆ ಓದಿ ಖುಷಿಪಡುವವರಿಗೆ ಒಂದು ಎಚ್ಚರಿಕೆ ಬೇಕು. ವಲಸಿಗರು ಕಡಿಮೆ ಅಪರಾಧ ಮಾಡುತ್ತಾರೆ, ಆದ್ದರಿಂದ ಅವರನ್ನು ಗೌರವದಿಂದ ನೋಡಿ ಎಂಬ ವಾದ ಕೇಳಲು ಚೆನ್ನಾಗಿದೆ. ಆದರೆ ನಾಳೆ ಪ್ರಮಾಣ ಏರಿದರೆ ಗೌರವ ಇಳಿಯಬೇಕೇ? ಒಬ್ಬ ಮನುಷ್ಯನ ನ್ಯಾಯದ ಹಕ್ಕು ಅವನ ಗುಂಪಿನ ಸರಾಸರಿಯ ಮೇಲೆ ನಿಲ್ಲುವಂಥದ್ದಲ್ಲ. ಕೊಲೆ ಮಾಡಿದವನಿಗೆ ಕೊಲೆಯ ಶಿಕ್ಷೆ ಆಗಲಿ, ಅವನು ಯಾವ ದೇಶದವನಾದರೂ ಸರಿ, ಯಾವ ಮಜ್ಹಬ್‌ನವನಾದರೂ ಸರಿ. ಅವನ ಪಕ್ಕದ ಮನೆಯವನಿಗೆ ಅದರಲ್ಲಿ ಪಾಲು ಕೊಡಬಾರದು. ಪ್ರಮಾಣದ ಲೆಕ್ಕ ಬೇಕಾಗಿರುವುದು ಸುಳ್ಳನ್ನು ತಡೆಯಲು ಮಾತ್ರ. ನಮಗೆ ಒಳ್ಳೆಯವರೆಂಬ ಪ್ರಮಾಣಪತ್ರ ಕೊಡಿಸಲು ಅಲ್ಲ.

ಇಂಥ ಪಟ್ಟಿ ಕೈಗೆ ಬಂದಾಗ ವಿದ್ಯಾರ್ಥಿಗಳು ಐದು ಪ್ರಶ್ನೆ ಕೇಳಲಿ. ಇದು ಆರೋಪವೋ, ಬಂಧನವೋ, ಶಿಕ್ಷೆಯೋ? ಎಷ್ಟು ಜನರಲ್ಲಿ ಇಷ್ಟು? ಬೇರೆಯವರ ಲೆಕ್ಕ ಪಕ್ಕದಲ್ಲಿ ಇದೆಯೇ? ಯಾವ ವರ್ಷದಿಂದ ಯಾವ ವರ್ಷಕ್ಕೆ, ಒಂದು ವರ್ಷದ್ದೋ ಜೀವಮಾನದ್ದೋ? ಕಲಮಿಗೆ ಆ ಹೆಸರು ಇಟ್ಟವರು ಯಾರು, ಆ ಹೆಸರಿನೊಳಗೆ ಯಾರು ಯಾರು ಸೇರಿದ್ದಾರೆ? ಇದಕ್ಕೆ ದೊಡ್ಡ ಗಣಿತ ಬೇಕಾಗಿಲ್ಲ. ಆರನೇ ಕ್ಲಾಸಿನ ಭಿನ್ನರಾಶಿ ಸಾಕು, ಸ್ವಲ್ಪ ತಾಳ್ಮೆ ಸಾಕು. ಮತ್ತು ಈ ಐದೂ ಪ್ರಶ್ನೆಗಳನ್ನು ನಮಗೆ ಹಿತವಾದ ಅಂಕಿ ಬಂದ ದಿನವೂ ಕೇಳಬೇಕು. ಆ ದಿನ ಕೇಳಿದರೆ ಮಾತ್ರ ಉಳಿದ ದಿನ ಕೇಳುವ ಹಕ್ಕು ನಮಗಿರುತ್ತದೆ.